ಹಳೇ ಮಾದರಿ ರೈಲು ಇಂಜಿನ್‌ಗೆ ಸದ್ದು, ದೀಪ ಕೂರಿಸುವುದು ಹೇಗೆ

ನನ್ನ ಮೇಜಿನ ಮೇಲೆ ಅಥರ್ನ್ ಅನ್ನುವ ಅಮೆರಿಕದ ಮಾದರಿ ರೈಲು ಕಂಪನಿಯ ಒಂದು ಹಳೇ ಇಂಜಿನ್ ಇದೆ. ಎಸ್‌ಡಿ40-2 ಅನ್ನುವ ಅಮೆರಿಕದ ಡೀಸೆಲ್ ಇಂಜಿನ್ನಿನ ಪುಟ್ಟ ಪ್ರತಿರೂಪ. ಎಚ್‌ಒ ಅಳತೆಯದು, ಅಂದರೆ ನಿಜವಾದ ಇಂಜಿನ್‌ನ 87ರಲ್ಲಿ ಒಂದು ಪಾಲು. ನೀಲಿ ಡಬ್ಬಿಯಲ್ಲಿ ಬರುತ್ತಿದ್ದುದರಿಂದ ಹವ್ಯಾಸಿಗಳು ಈ ಸಾಲಿನ ಇಂಜಿನ್‌ಗಳಿಗೆಲ್ಲ 'ಬ್ಲೂ ಬಾಕ್ಸ್' ಅಂತಲೇ ಹೇಳುತ್ತಾರೆ. ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಕ್ಕಿದ್ದು. ಚೆನ್ನಾಗಿ ಓಡುತ್ತದೆ. ಆದರೆ ಗಿರ್ ಅನ್ನುವ ಗೇರಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ, ಮುಂದಿನ ದೀಪ ಒಂದು ಮಂಕು ಬಲ್ಬು. ಇದಕ್ಕೆ ಡಿಜಿಟಲ್ ಸೌಂಡ್ ಡಿಕೋಡರ್ (ಓಟ, ದೀಪ, ಸದ್ದು ನಡೆಸುವ ಪುಟ್ಟ ಸರ್ಕ್ಯೂಟ್ ಬೋರ್ಡು), ಸ್ಪೀಕರ್, ಎಲ್‌ಇಡಿ ಕೂರಿಸುವ ಕೆಲಸವನ್ನು ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ.

ಈ ಇಂಜಿನ್ನೇ ಯಾಕೆ ಅಂತ ಕೇಳಬಹುದು. ಹುಬ್ಬಳ್ಳಿ ಡೀಸೆಲ್ ಶೆಡ್ಡಿನ ಡಬ್ಲ್ಯುಡಿಜಿ-4 ಇಂಜಿನ್ ಗೂಡ್ಸ್ ಎಳೆದುಕೊಂಡು ಹೋಗುವುದನ್ನು ಹತ್ತಿರದಿಂದ ಕೇಳಿದ್ದೀರಾ? ಅಮೆರಿಕದ ಎಸ್‌ಡಿ40-2 ಅದರ ದೊಡ್ಡಪ್ಪನ ಮಗ ಇದ್ದ ಹಾಗೆ. ಎರಡೂ ಇಎಂಡಿ ಅನ್ನುವ ಅಮೆರಿಕದ ಇಂಜಿನ್ ಕಂಪನಿಯ ಮನೆತನದವು, ಎರಡರಲ್ಲೂ 16 ಸಿಲಿಂಡರ್, ಎರಡೂ ಟೂ-ಸ್ಟ್ರೋಕ್. ನಮ್ಮದರಲ್ಲಿ 710 ಸರಣಿಯ 4000 ಅಶ್ವಶಕ್ತಿಯ ಇಂಜಿನ್, ಇದರಲ್ಲಿ ಅದಕ್ಕೂ ಹಳೆಯ 645 ಸರಣಿಯ 3000 ಅಶ್ವಶಕ್ತಿಯದು. 645 ಅಂದರೆ ಒಂದೊಂದು ಸಿಲಿಂಡರ್ 645 ಘನ ಇಂಚು ಅಂತ. ಹಳೇ ಡಬ್ಲ್ಯುಡಿಎಂ-2 ಬೇರೆ ಜಾತಿ. ಅದು ಆಲ್ಕೋ ಅನ್ನುವ ಇನ್ನೊಂದು ಅಮೆರಿಕದ ಕಂಪನಿಯ ಮನೆತನದ್ದು, ಫೋರ್-ಸ್ಟ್ರೋಕ್, ಡಗ್ ಡಗ್ ಅಂತ ಬಿಡಿಬಿಡಿಯಾಗಿ ಬಡಿಯುತ್ತದೆ. ಇಎಂಡಿ ಹಾಗಲ್ಲ, ಒಂದೇ ಸಮನೆ ಗುಂಯ್‌ಗುಡುತ್ತದೆ, ವೇಗ ಹೆಚ್ಚಿಸಿದಾಗ ಅದರ ಮೇಲೆ ಟರ್ಬೋ ಸಿಳ್ಳೆ ಏರುತ್ತದೆ. ಡಿಕೋಡರ್ ಕೊಳ್ಳುವಾಗ ಈ ವ್ಯತ್ಯಾಸ ನೆನಪಿರಲಿ. ನಿಮ್ಮ ಇಂಜಿನ್ ಒಳಗೆ ಯಾವ ಡೀಸೆಲ್ ಇದೆಯೋ ಅದರ ಸೌಂಡ್ ಫೈಲನ್ನೇ ಹಾಕಬೇಕು. ಆಲ್ಕೋ ಮೈಮೇಲೆ ಇಎಂಡಿ ಸದ್ದು ಬಂದರೆ ಬಲ್ಲವರಿಗೆ ತಕ್ಷಣ ಗೊತ್ತಾಗುತ್ತದೆ.

ಮೊದಲು, ಈ ಡಿಕೋಡರ್ ಕೆಲಸ ಮಾಡುವ ಡಿಸಿಸಿ (ಡಿಜಿಟಲ್ ಕಮಾಂಡ್ ಕಂಟ್ರೋಲ್) ಪದ್ಧತಿ ಅಂದರೇನು ಅಂತ ಎರಡು ಮಾತು. ಹಳೇ ಡಿಸಿ ಪದ್ಧತಿಯಲ್ಲಿ ಹಳಿಯ ವೋಲ್ಟೇಜೇ ವೇಗ. ವೋಲ್ಟೇಜ್ ಹೆಚ್ಚಿಸಿದರೆ ಹಳಿ ಮೇಲಿರುವ ಇಂಜಿನ್‌ಗಳೆಲ್ಲ ಒಟ್ಟಿಗೆ ಓಡುತ್ತವೆ, ನಿಂತರೆ ದೀಪವೂ ಆರುತ್ತದೆ. ಡಿಸಿಸಿಯಲ್ಲಿ ಹಳಿಯ ಮೇಲೆ ಯಾವಾಗಲೂ ಸುಮಾರು 14-15 ವೋಲ್ಟ್ ಇರುತ್ತದೆ, ಅದರ ಜೊತೆಯಲ್ಲೇ ಆದೇಶಗಳೂ ಹರಿಯುತ್ತಿರುತ್ತವೆ. ಇಂಜಿನ್ ಒಳಗಿನ ಡಿಕೋಡರ್ ತನ್ನ ವಿಳಾಸಕ್ಕೆ ಬಂದ ಆದೇಶವನ್ನು ಮಾತ್ರ ಪಾಲಿಸುತ್ತದೆ. ಜರ್ಮನಿಯ ಲೆಂಜ್ ಕಂಪನಿ ರೂಪಿಸಿದ್ದ ಪದ್ಧತಿಯನ್ನು ಆಧಾರವಾಗಿಟ್ಟುಕೊಂಡು ಅಮೆರಿಕದ ಮಾದರಿ ರೈಲು ಹವ್ಯಾಸಿಗಳ ಸಂಘ ಎನ್‌ಎಂಆರ್‌ಎ 1990ರ ದಶಕದಲ್ಲಿ ಇದನ್ನು ಎಲ್ಲರಿಗೂ ಒಂದೇ ಮಾನದಂಡ ಮಾಡಿತು. ಹಾಗಾಗಿ ಒಂದು ಕಂಪನಿಯ ಡಿಕೋಡರ್ ಇನ್ನೊಂದು ಕಂಪನಿಯ ಕಂಟ್ರೋಲ್ ಜೊತೆ ಕೆಲಸ ಮಾಡುತ್ತದೆ. ನಮ್ಮಲ್ಲಿ ರೆಡಿಮೇಡ್ ಕಂಟ್ರೋಲ್ ತರಿಸುವುದು ದುಬಾರಿ. ಆರ್ಡುಯಿನೋ ಮೆಗಾ ಅನ್ನುವ ಸಣ್ಣ ಕಂಪ್ಯೂಟರ್ ಬೋರ್ಡು, ಅದರ ಮೇಲೆ ಕೂರುವ ಒಂದು ಮೋಟಾರ್ ಶೀಲ್ಡ್ ಬೋರ್ಡು ತಂದು ಡಿಸಿಸಿ-ಇಎಕ್ಸ್ ಅನ್ನುವ ಉಚಿತ ಸಾಫ್ಟ್‌ವೇರ್ ಹಾಕಿಕೊಂಡರೆ ಹಳಿಗೆ ಆದೇಶ ಕಳಿಸುವ ನಿಮ್ಮದೇ ಕಮಾಂಡ್ ಸ್ಟೇಷನ್ ತಯಾರು. ಬೆಂಗಳೂರಿನವರಾದರೆ ಎಸ್‌.ಪಿ. ರಸ್ತೆಯಲ್ಲಿ ಒಂದು ಸುತ್ತು ಹಾಕಿ. ಸಾಮಾನು, ಸೋಲ್ಡರಿಂಗ್ ಐರನ್, ಸಣ್ಣ ವೈರು, ಹೀಟ್ ಶ್ರಿಂಕ್ (ಬಿಸಿಗೆ ಕುಗ್ಗಿ ವೈರಿಗೆ ಬಿಗಿಯುವ ಪ್ಲಾಸ್ಟಿಕ್ ಕೊಳವೆ) ಎಲ್ಲ ಅಲ್ಲೇ ಸಿಗುತ್ತವೆ.

ಈಗ ಮುಖ್ಯ ಮಾತು. ಹಳಿಯ ಕರೆಂಟು ಡಿಕೋಡರ್ ಮೂಲಕ ಮಾತ್ರ ಮೋಟಾರಿಗೆ ಹೋಗಬೇಕು. ಬೇರೆ ಯಾವ ದಾರಿಯೂ ಇರಬಾರದು, ಕೂದಲೆಳೆಯಷ್ಟೂ. ಮೋಟಾರಿನ ಒಂದು ತುದಿ ಚಾಸಿಗೋ ಚಕ್ರಕ್ಕೋ ತಾಗಿಕೊಂಡಿದ್ದರೆ ಹಳಿಗೆ ಪವರ್ ಕೊಟ್ಟ ಕ್ಷಣ ಡಿಕೋಡರ್ ಸತ್ತಂತೆ. ನನ್ನ ಮೊದಲ ಡಿಕೋಡರ್ ಹೋಗಿದ್ದು ಹೀಗೆ. ಮೀಟರ್ ಹಿಡಿದು ನೋಡದೆ, ಕಣ್ಣಿಗೆ ಸರಿ ಕಂಡಿತು ಅಂತ ಪವರ್ ಕೊಟ್ಟೆ. ಸುಟ್ಟ ವಾಸನೆ ಬಂತು, ಅಷ್ಟೇ. ತಿಂಗಳುಗಟ್ಟಲೆ ಕಾದು ತರಿಸಿದ್ದ ವಸ್ತು ಅದು. ಆಮೇಲಿಂದ ಈ ಕೆಲಸದಲ್ಲಿ ನನ್ನ ಮುಖ್ಯ ಸಾಧನ ಸೋಲ್ಡರಿಂಗ್ ಐರನ್ ಅಲ್ಲ, ಎರಡು ಕಡೆಗಳ ನಡುವೆ ಕರೆಂಟಿಗೆ ದಾರಿ ಇದ್ದರೆ ಬೀಪ್ ಅನ್ನುವ ಸಾದಾ ಮಲ್ಟಿಮೀಟರ್.

ಹೊಸ ಇಂಜಿನ್‌ಗಳಲ್ಲಿ ಈ ತಲೆನೋವಿಲ್ಲ. ಒಳಗೆ 8 ಪಿನ್ನಿನ ಅಥವಾ 21 ಪಿನ್ನಿನ ಸಾಕೆಟ್ ಇರುತ್ತದೆ, ಡಮ್ಮಿ ಪ್ಲಗ್ ಕಿತ್ತು ಡಿಕೋಡರ್ ಚುಚ್ಚಿದರೆ ಆಯಿತು, ಸ್ಪೀಕರ್ ಮತ್ತು ದೀಪದ ಕೆಲಸ ಮಾತ್ರ ಉಳಿಯುತ್ತದೆ. ಆದರೆ ಬ್ಲೂ ಬಾಕ್ಸ್ ಕಾಲದ ಇಂಜಿನ್‌ಗಳಲ್ಲಿ ಲೋಹದ ಚಾಸಿಯೇ ಒಂದು ವೈರ್. ಒಂದು ಕಡೆಯ ಹಳಿಯ ಕರೆಂಟು ಚಾಸಿ ಮೂಲಕ ಮೋಟಾರಿನ ಕೆಳಗಿನ ಕ್ಲಿಪ್ಪಿಗೆ ಬರುತ್ತದೆ. ಇನ್ನೊಂದು ಕಡೆಯದು ಟ್ರಕ್ಕುಗಳ ಮೇಲಿನ ಲೋಹದ ಪಟ್ಟಿಗಳಿಂದ ಹೊರಟು, ಉದ್ದದ ಒಂದು ಸ್ಟೀಲ್ ಪಟ್ಟಿಯ ಮೂಲಕ ಮೇಲಿನ ಕ್ಲಿಪ್ಪಿಗೆ ಸೇರುತ್ತದೆ. ಟ್ರಕ್ ಅಂದರೆ ಇಲ್ಲಿ ಲಾರಿ ಅಲ್ಲ, ಇಂಜಿನ್ ಕೆಳಗೆ ತಿರುಗುವ ಚಕ್ರದ ಚೌಕಟ್ಟು. ನಮ್ಮ ರೈಲ್ವೆಯವರು ಅದಕ್ಕೆ ಬೋಗಿ ಅನ್ನುತ್ತಾರೆ, ಆದರೆ ನಾವು ಡಬ್ಬಿಗೇ ಬೋಗಿ ಅಂದು ರೂಢಿ ಮಾಡಿಕೊಂಡಿದ್ದೇವೆ. ಗೊಂದಲ ಬೇಡ, ಟ್ರಕ್ ಅಂತಲೇ ಇಟ್ಟುಕೊಳ್ಳೋಣ.

ಏನನ್ನೂ ಬಿಚ್ಚುವ ಮೊದಲು ಇಂಜಿನ್ ಡಿಸಿಯಲ್ಲಿ ಸರಿಯಾಗಿ ಓಡುತ್ತದಾ ನೋಡಿ. ಡಿಸಿಯಲ್ಲಿ ಕುಂಟುವ ಇಂಜಿನ್ ಡಿಕೋಡರ್ ಹಾಕಿದ ಮೇಲೂ ಕುಂಟುತ್ತದೆ. ಹಳೇ ಗ್ರೀಸ್ ಗಟ್ಟಿಯಾಗಿದ್ದರೆ ತೊಳೆದು, ಪ್ಲಾಸ್ಟಿಕ್ಕಿಗೆ ಹಾನಿ ಮಾಡದ ಹೊಸ ಗ್ರೀಸ್ ಸ್ವಲ್ಪವೇ ಹಚ್ಚಿ. ಹಳೇ ಬ್ಲೂ ಬಾಕ್ಸ್‌ಗಳ ಚಕ್ರ ಒರಟು ಕಬ್ಬಿಣದ್ದು, ಬೇಗ ಕೊಳೆ ಹಿಡಿಯುತ್ತದೆ. ಸಾಧ್ಯವಾದರೆ ನಿಕಲ್ ಸಿಲ್ವರ್ ಚಕ್ರ ಹಾಕಿಬಿಡಿ. ಸದ್ದಿಲ್ಲದ ಇಂಜಿನ್ ಒಂದು ಕ್ಷಣ ಕರೆಂಟು ತಪ್ಪಿದರೆ ಸುಮ್ನೆ ಜಾರಿಕೊಂಡು ಮುಂದೆ ಹೋಗುತ್ತದೆ, ನಿಮಗೆ ಗೊತ್ತೂ ಆಗುವುದಿಲ್ಲ. ಸೌಂಡ್ ಇರುವುದು ಮಾತ್ರ ಹಾಗಲ್ಲ, ಕಟ್ ಆಗಿ ಮತ್ತೆ ಸ್ಟಾರ್ಟ್ ಆಗುವುದು ಕಿವಿಗೆ ಹೊಡೆದ ಹಾಗೆ ಕೇಳುತ್ತದೆ.

ನಂತರ ಮೇಲಿನ ಮೈ ತೆಗೆದು ಸ್ಟಾಲ್ ಕರೆಂಟ್, ಅಂದರೆ ಮೋಟಾರನ್ನು ತಡೆದು ನಿಲ್ಲಿಸಿದಾಗ ಅದು ಎಳೆಯುವ ಕರೆಂಟು, ಅಳೆಯಬೇಕು. ಹಳಿಗೆ 12 ವೋಲ್ಟ್ ಡಿಸಿ ಕೊಟ್ಟು, ಮೀಟರನ್ನು ಆಂಪ್ಸ್‌ಗೆ ಇಟ್ಟು ಮಧ್ಯೆ ಸೇರಿಸಿ, ಫ್ಲೈವೀಲನ್ನು (ಮೋಟಾರಿನ ದಂಡದ ಮೇಲಿನ ಭಾರದ ಚಕ್ರ) ಬೆರಳಿನಿಂದ ಒತ್ತಿ ಮೋಟಾರು ಪೂರ್ತಿ ನಿಲ್ಲುವ ಹಾಗೆ ಮಾಡಿ, ಒಂದೆರಡು ಸೆಕೆಂಡಲ್ಲಿ ಅಂಕಿ ಓದಿಕೊಂಡು ಬಿಟ್ಟುಬಿಡಿ. ಜಾಸ್ತಿ ಹೊತ್ತು ಹಿಡಿದರೆ ಮೋಟಾರು ಸುಡುತ್ತದೆ. ನಾನು ಇದಕ್ಕೆ ಹಾಕಿದ್ದು ಇಎಸ್‌ಯು ಕಂಪನಿಯ ಲೋಕ್‌ಸೌಂಡ್ 5, ಅದು ಮೋಟಾರಿಗೆ 1.5 ಆಂಪ್ಸ್ ತನಕ ಕೊಡುತ್ತದೆ. ನಿಮ್ಮ ಅಂಕಿ ಡಿಕೋಡರಿನ ಮಿತಿಗಿಂತ ಕಡಿಮೆ ಇರಬೇಕು. ಮೀರಿದರೆ ಕಮ್ಯುಟೇಟರ್ (ಮೋಟಾರಿನೊಳಗೆ ಬ್ರಷ್ ಉಜ್ಜುವ ತಾಮ್ರದ ಭಾಗ) ಒರೆಸಿ ಮತ್ತೆ ಅಳೆಯಿರಿ. ಆಗಲೂ ಇಳಿಯದಿದ್ದರೆ ಮೋಟಾರನ್ನೇ ಬದಲಿಸುವುದು ಒಳ್ಳೆಯದು.

ಮೋಟಾರು ಹೊರತೆಗೆಯುವುದು ಸುಲಭ. ಅಡಿಯಲ್ಲಿ ಚಾಸಿಗೆ ಒತ್ತಿ ಕೂರಿಸಿದ ಮೆತ್ತನೆಯ ಗುಬ್ಬಿಗಳನ್ನು ಕೆಳಗಿನಿಂದ ನೂಕಿದರೆ ಮೇಲೆ ಬರುತ್ತದೆ. ಕೆಳಗಿನ ಕ್ಲಿಪ್ಪಿನಲ್ಲಿ ಚಾಸಿಗೆ ಒತ್ತಿಕೊಳ್ಳುವ ಎರಡು ಸಣ್ಣ ಕೋಡುಗಳಿವೆ. ಅವೇ ನಮ್ಮ ಶತ್ರುಗಳು. ಕತ್ತರಿಸಿ, ಅರದಿಂದ ಉಜ್ಜಿ ನುಣ್ಣಗೆ ಮಾಡಿ. ಕ್ಲಿಪ್ ತೆಗೆಯುವಾಗ ಬ್ರಷ್ಷೂ ಸ್ಪ್ರಿಂಗೂ ಹಾರಿಹೋಗುತ್ತವೆ, ಆದ್ದರಿಂದ ಒಂದು ತಟ್ಟೆಯೊಳಗೆ ಇಟ್ಟುಕೊಂಡು ಮಾಡಿ. ಕೆಳಗಿನ ಕ್ಲಿಪ್ಪಿಗೆ ಡಿಕೋಡರಿನ ಬೂದು ಬಣ್ಣದ ವೈರು, ಮೇಲಿನದಕ್ಕೆ ಕಿತ್ತಳೆ ವೈರು ಬೆಸೆಯಿರಿ. ಬೆಸೆಯುವುದು ಕ್ಲಿಪ್ಪನ್ನು ಮೋಟಾರಿನಿಂದ ಹೊರಗೆ ತೆಗೆದಿಟ್ಟುಕೊಂಡೇ ಆಗಬೇಕು, ಇಲ್ಲದಿದ್ದರೆ ಬಿಸಿಗೆ ಮೋಟಾರಿನ ಪ್ಲಾಸ್ಟಿಕ್ ಕರಗುತ್ತದೆ. ಉದ್ದದ ಸ್ಟೀಲ್ ಪಟ್ಟಿ ಇನ್ನು ಬೇಡ, ತೆಗೆದುಬಿಡಿ. ಮೋಟಾರಿನ ಅಡಿ ಕೂರುವ ಜಾಗದಲ್ಲಿ ಚಾಸಿ ಮೇಲೆ ಬಿಸಿ ತಡೆಯುವ ಕ್ಯಾಪ್ಟಾನ್ (Kapton) ಟೇಪ್ ಎರಡು ಪದರ ಅಂಟಿಸಿ. ಸಾದಾ ಕರಿ ಇನ್ಸುಲೇಷನ್ ಟೇಪ್ ಬಿಸಿಗೆ ಅಂಟು ಬಿಟ್ಟು ಜಾರುತ್ತದೆ, ಇಲ್ಲಿಗೆ ಅದು ಸಾಲದು. ಕೆಲವು ಇಂಜಿನ್‌ಗಳಲ್ಲಿ ಮೋಟಾರಿನ ಎರಡು ತುದಿಗಳ ನಡುವೆ ಸಣ್ಣ ಕೆಪಾಸಿಟರ್ ಇರುತ್ತದೆ. ಅದನ್ನು ಕತ್ತರಿಸಿ ತೆಗೆಯಿರಿ, ಅದಿದ್ದರೆ ಡಿಕೋಡರಿಗೆ ಮೋಟಾರಿನ ವೇಗ ಸರಿಯಾಗಿ ತಿಳಿಯುವುದಿಲ್ಲ.

ಮೋಟಾರನ್ನು ವಾಪಸ್ ಕೂರಿಸಿ. ಈಗ ಮೀಟರನ್ನು ಬೀಪ್‌ಗೆ ಇಡಿ. ಬೂದು ವೈರಿನಿಂದ ಚಾಸಿಗೆ, ಬೂದು ವೈರಿನಿಂದ ಒಂದೊಂದು ಚಕ್ರಕ್ಕೂ, ಆಮೇಲೆ ಕಿತ್ತಳೆ ವೈರಿನಿಂದ ಹಾಗೆಯೇ. ಎಲ್ಲೂ ಬೀಪ್ ಬರಬಾರದು. ಫ್ಲೈವೀಲನ್ನು ಕೈಯಿಂದ ತಿರುಗಿಸುತ್ತಾ, ಟ್ರಕ್ಕುಗಳನ್ನು ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸುತ್ತಾ ಮತ್ತೊಮ್ಮೆ ಮಾಡಿ, ಯಾಕೆಂದರೆ ನೇರ ಹಳಿಯಲ್ಲಿ ಸರಿಯಿದ್ದು ತಿರುವಿನಲ್ಲಿ ಮಾತ್ರ ತಾಗುವ ಇಂಜಿನ್ ನಾನು ನೋಡಿದ್ದೇನೆ. ಐದು ನಿಮಿಷದ ಕೆಲಸ ಇದು, ಬಿಡಬೇಡಿ.

ಇನ್ನು ಹಳಿಯಿಂದ ಕರೆಂಟು. ಡಿಕೋಡರಿನ ಕೆಂಪು ವೈರು ಬಲಗಡೆ ಹಳಿಗೆ, ಕಪ್ಪು ಎಡಗಡೆಗೆ. ಬಲ ಎಡ ಅಂದರೆ ಇಂಜಿನ್ ಒಳಗೆ ಕೂತು ಮುಂದೆ ನೋಡುವ ಡ್ರೈವರನ ಬಲ ಎಡ. ಒಂದು ವೈರು ಚಾಸಿಗೆ ಹೋಗುತ್ತದೆ, ಸಣ್ಣ ಸ್ಕ್ರೂ ಹಾಕಿ ಅದಕ್ಕೆ ಸುತ್ತಿ ಬೆಸೆಯಬಹುದು. ಇನ್ನೊಂದು, ಎರಡೂ ಟ್ರಕ್ಕುಗಳ ಮೇಲಿನ ಲೋಹದ ಪಟ್ಟಿಗಳಿಗೆ. ಈ ಪಟ್ಟಿಗಳಿಗೆ ಹೋಗುವ ವೈರು ತೀರಾ ಮೆತ್ತಗಿನದಾಗಿರಲಿ, ಟ್ರಕ್ ತಿರುಗುವಷ್ಟು ಸಡಿಲ ಬಿಡಿ. ಬಿಗಿಯಾದ ವೈರು ತಿರುವಿನಲ್ಲಿ ಚಕ್ರವನ್ನು ಹಳಿಯಿಂದ ಎತ್ತಿಬಿಡುತ್ತದೆ.

ದೀಪದ ಕೆಲಸ ನನಗೆ ಅತಿ ಇಷ್ಟ. ನೀಲಿ ವೈರು ಎಲ್ಲ ದೀಪಗಳಿಗೂ ಸಾಮಾನ್ಯವಾದ ಪ್ಲಸ್. ಬಿಳಿ ವೈರು ಮುಂದಿನ ದೀಪದ ಮೈನಸ್, ಹಳದಿ ಹಿಂದಿನದರದು. ಹಸಿರು, ನೇರಳೆ ಹೆಚ್ಚುವರಿ ದೀಪಗಳಿಗೆ. ಹಳೇ ಬಲ್ಬಿನ ಒಂದು ಕಾಲು ಚಾಸಿಗೆ ಕೂತಿರುತ್ತದೆ, ಅದನ್ನು ಪೂರ್ತಿ ಕಿತ್ತೆಸೆಯಿರಿ. ನೀಲಿ ವೈರು ಯಾವ ಕಾರಣಕ್ಕೂ ಚಾಸಿ ಮುಟ್ಟಬಾರದು. ಎಲ್‌ಇಡಿಗೆ ರೆಸಿಸ್ಟರ್ ಬೇಕೇ ಬೇಕು, ಒಂದೊಂದು ಎಲ್‌ಇಡಿಗೂ ಬೇರೆಬೇರೆ. ಲೆಕ್ಕ ಸುಲಭ. ಡಿಕೋಡರಿನಿಂದ ಸುಮಾರು 14 ವೋಲ್ಟ್ ಬರುತ್ತದೆ, ಬಿಳಿ ಎಲ್‌ಇಡಿ ಅದರಲ್ಲಿ 3 ವೋಲ್ಟ್ ತಿನ್ನುತ್ತದೆ, ಉಳಿದ 11 ವೋಲ್ಟನ್ನು ರೆಸಿಸ್ಟರ್ ತಡೆಯಬೇಕು. 1000 ಓಮ್ ಹಾಕಿದರೆ 11 ಮಿಲಿಆಂಪ್ಸ್. ಇದು ಕಣ್ಣು ಕುಕ್ಕುವಷ್ಟು ಆಯಿತು. 2200 ಓಮ್ ಹಾಕಿದರೆ 5 ಮಿಲಿಆಂಪ್ಸ್, ನನ್ನ ಕಣ್ಣಿಗೆ ಅದೇ ಸರಿ. ನಂಬರ್ ಬೋರ್ಡ್ ದೀಪಕ್ಕೆ 4700 ಸಾಕು.

ಎಲ್‌ಇಡಿ ಬಣ್ಣ ವಾರ್ಮ್ ವೈಟ್ ತಗೊಳ್ಳಿ. ನೀಲಿ ಛಾಯೆಯ ಕೂಲ್ ವೈಟ್ ಹಾಕಿದರೆ 1970ರ ದಶಕದ ಇಂಜಿನ್ ಹಣೆಗೆ ಮೊಬೈಲ್ ಟಾರ್ಚ್ ಕಟ್ಟಿದ ಹಾಗೆ ಕಾಣುತ್ತದೆ. 0603 ಅನ್ನುವ ಎಸ್‌ಎಂಡಿ ಎಲ್‌ಇಡಿ 1.6 ಮಿ.ಮೀ. ಉದ್ದ, ರಾಗಿ ಕಾಳಿನಷ್ಟು. ಎನಾಮೆಲ್ ವೈರ್ ಮೊದಲೇ ಬೆಸೆದದ್ದು ಸಿಗುತ್ತದೆ, ಅದನ್ನೇ ಕೊಳ್ಳಿ, ಕಣ್ಣು ಉಳಿಯುತ್ತದೆ. ಒಳಗೆ ಹಾಕುವ ಮೊದಲು 9 ವೋಲ್ಟ್ ಬ್ಯಾಟರಿಗೆ ರೆಸಿಸ್ಟರ್ ಸೇರಿಸಿ ಹಚ್ಚಿ ನೋಡಿ, ಪ್ಲಸ್ ಯಾವುದು ಅಂತ ಗುರುತು ಮಾಡಿ. ಇನ್ನೊಂದು ವಿಷಯ ತುಂಬಾ ಜನ ಮರೆಯುತ್ತಾರೆ. ಮೇಲಿನ ಪ್ಲಾಸ್ಟಿಕ್ ಮೈ ತೆಳ್ಳಗಿರುತ್ತದೆ, ಎಲ್‌ಇಡಿ ಹಚ್ಚಿದರೆ ಇಡೀ ಮೂತಿ ಲಾಟೀನಿನ ಹಾಗೆ ಹೊಳೆಯುತ್ತದೆ. ಮೈಯ ಒಳಭಾಗಕ್ಕೆ ಎರಡು ಸಲ ಕಪ್ಪು ಬಣ್ಣ ಹಚ್ಚಿ, ಒಣಗಿದ ಮೇಲೆ ಕತ್ತಲಲ್ಲಿ ನೋಡಿ, ಎಲ್ಲಾದರೂ ಬೆಳಕು ಸೋರಿದರೆ ಮತ್ತೆ ಹಚ್ಚಿ.

ಡಿಚ್ ಲೈಟ್ ಅಂದರೆ ಮುಂಭಾಗದಲ್ಲಿ ಕೆಳಗೆ ಎಡಬಲ ಇರುವ ಎರಡು ದೀಪ, ಹಾರ್ನ್ ಹೊಡೆದಾಗ ಕೆಲವು ರೈಲುಗಳಲ್ಲಿ ಒಂದಾದ ಮೇಲೊಂದು ಮಿನುಗುತ್ತವಲ್ಲ, ಅವು. ಹಾಕಬೇಕಾ ಬೇಡವಾ ಅನ್ನುವುದು ನಿಮ್ಮ ರೈಲು ಯಾವ ಕಾಲದ್ದು ಅನ್ನುವುದರ ಮೇಲೆ. ಅಮೆರಿಕದಲ್ಲಿ ಇಂಥ ಹೆಚ್ಚುವರಿ ದೀಪ ಮುಖ್ಯ ಮಾರ್ಗದ ಇಂಜಿನ್‌ಗಳಿಗೆ ಕಡ್ಡಾಯವಾಗಿದ್ದು 1997ರ ಕೊನೆಯ ಹೊತ್ತಿಗೆ. ನಾನು ಮಾಡುತ್ತಿರುವುದು 1980ರ ಸುಮಾರಿನ ದೃಶ್ಯ, ಹಾಗಾಗಿ ಹಾಕಲಿಲ್ಲ, ಹಸಿರು ಮತ್ತು ನೇರಳೆ ವೈರಿನ ತುದಿಗಳಿಗೆ ಹೀಟ್ ಶ್ರಿಂಕ್ ಹಾಕಿ ಮುಚ್ಚಿಟ್ಟೆ.

ಸ್ಪೀಕರ್ ವಿಷಯದಲ್ಲಿ ಸ್ವಲ್ಪ ನಿಧಾನವಾಗಿ ಓದಿ, ದುಬಾರಿ ಡಿಕೋಡರ್ ಹಾಕಿಯೂ ಸದ್ದು ಸೊಳ್ಳೆ ಕೂಗಿದ ಹಾಗಿದೆ ಅನ್ನುವವರ ತಪ್ಪು ಹೆಚ್ಚಾಗಿ ಇಲ್ಲೇ ಇರುತ್ತದೆ. ಸ್ಪೀಕರಿನ ಪರದೆ ಮುಂದೆ ಗಾಳಿ ತಳ್ಳುವಾಗ ಹಿಂದೆ ಎಳೆಯುತ್ತದೆ. ಎರಡೂ ಗಾಳಿ ಸೇರಿಕೊಂಡರೆ ಒಂದನ್ನೊಂದು ಅಳಿಸಿಹಾಕುತ್ತವೆ, ಮುಖ್ಯವಾಗಿ ದಪ್ಪ ಸದ್ದು ಹೋಗಿಬಿಡುತ್ತದೆ. ಅದಕ್ಕೇ ಹಿಂದೆ ಒಂದು ಮುಚ್ಚಿದ ಡಬ್ಬಿ ಬೇಕು. ಸೂಜಿ ಮೊನೆಯಷ್ಟೂ ತೂತಿರಬಾರದು. ಶುಗರ್ ಕ್ಯೂಬ್ ಅಂತ ಕರೆಯುವ 11 ಮಿ.ಮೀ. ಅಗಲ, 15 ಮಿ.ಮೀ. ಉದ್ದದ ಸಣ್ಣ ಸ್ಪೀಕರ್ ಈ ಕೆಲಸಕ್ಕೆ ಚೆನ್ನಾಗಿದೆ, ಡಬ್ಬಿ ಅದರ ಜೊತೆಗೇ ಬರುತ್ತದೆ. ವೈರು ಹೊರಬರುವ ಸಂದಿಗೆ ಫೆವಿಕಾಲ್ ಹಚ್ಚಿ ಮುಚ್ಚಿ. ಜಾಗ ಇದ್ದಷ್ಟು ಆಳದ ಡಬ್ಬಿ ಹಾಕಿ, ಆಳ ಹೆಚ್ಚಿದಷ್ಟೂ ಸದ್ದು ತುಂಬಿಕೊಳ್ಳುತ್ತದೆ. ಎಸ್‌ಡಿ40-2ಯ ಉದ್ದದ ಹುಡ್ ಒಳಗೆ, ಹಿಂದಿನ ಟ್ರಕ್ಕಿನ ಮೇಲೆ ಜಾಗ ಇದೆ. ನಾನು ಅಲ್ಲೇ ಇಟ್ಟೆ.

ಓಮ್ ಎಷ್ಟು ಅಂತ ಡಿಕೋಡರಿನ ಕೈಪಿಡಿ ನೋಡಿಯೇ ಸ್ಪೀಕರ್ ಕೊಳ್ಳಿ. ಲೋಕ್‌ಸೌಂಡ್ 5ಕ್ಕೆ 4ರಿಂದ 32 ಓಮ್ ತನಕ ನಡೆಯುತ್ತದೆ. ಆದರೆ ಅದೇ ಕಂಪನಿಯ ಹಳೇ 3.5ಕ್ಕೆ 100 ಓಮ್ ಸ್ಪೀಕರ್ ಬೇಕಿತ್ತು, ಅದಕ್ಕೆ 8 ಓಮ್ ಹಾಕಿದರೆ ಆಂಪ್ಲಿಫೈಯರ್ ಹೋಗುತ್ತದೆ. ಎರಡು 8 ಓಮ್ ಸ್ಪೀಕರನ್ನು ಪ್ಯಾರಲಲ್ ಕೊಟ್ಟರೆ 4, ಸೀರೀಸ್ ಕೊಟ್ಟರೆ 16. ಎರಡು ಹಾಕುವುದಾದರೆ ಪ್ಲಸ್‌ಗೆ ಪ್ಲಸ್ ಹೊಂದುವ ಹಾಗೆ ನೋಡಿ, ಉಲ್ಟಾ ಆದರೆ ಒಂದಕ್ಕಿಂತ ಎರಡು ಸ್ಪೀಕರಿನ ಸದ್ದೇ ಕಡಿಮೆ. ಇಎಸ್‌ಯುನಲ್ಲಿ ಸ್ಪೀಕರಿನ ವೈರು ಎರಡೂ ಕಂದು. ಅವು ಚಾಸಿಗೆ ತಾಗಬಾರದು ಅಂತ ಮತ್ತೆ ಹೇಳಬೇಕಾಗಿಲ್ಲ ಅಲ್ವಾ.

ಡಿಕೋಡರನ್ನು ಚಾಸಿ ಮೇಲೆ ಡಬಲ್ ಸೈಡ್ ಫೋಮ್ ಟೇಪಿನಿಂದ ಕೂರಿಸಿ. ಮೇಲೆಲ್ಲ ಟೇಪ್ ಸುತ್ತಿ ಉಸಿರು ಕಟ್ಟಿಸಬೇಡಿ, ಬಿಸಿ ಹೊರಹೋಗಲಿ. ಒಂದು ಕ್ಷಣ ಕರೆಂಟು ತಪ್ಪಿದರೂ ಸದ್ದು ನಿಲ್ಲದಿರಲು ಕೆಪಾಸಿಟರ್ ಪ್ಯಾಕ್ ಸಿಗುತ್ತದೆ, ಇಎಸ್‌ಯು ಅದಕ್ಕೆ ಪವರ್‌ಪ್ಯಾಕ್ ಅನ್ನುತ್ತದೆ. ಜಾಗ ಇದ್ದರೆ ಖಂಡಿತ ಹಾಕಿ, ಆದರೆ ಡಿಕೋಡರಿನ ಕಂಪನಿಯೇ ಹೇಳಿದ್ದನ್ನು ಹಾಕಿ.

ಈಗ ಪವರ್ ಕೊಡುವ ಹೊತ್ತು. ಇಂಜಿನನ್ನು ನೇರವಾಗಿ ಮುಖ್ಯ ಹಳಿ ಮೇಲೆ ಇಡಬೇಡಿ. ಪ್ರೋಗ್ರಾಮಿಂಗ್ ಟ್ರ್ಯಾಕ್, ಅಂದರೆ ಡಿಕೋಡರಿನ ಸೆಟ್ಟಿಂಗ್ ಓದಿ ಬರೆಯಲು ಬೇರೆಯಾಗಿಟ್ಟ ತುಂಡು ಹಳಿ, ಅದರ ಮೇಲೆ ಇಡಿ. ಅಲ್ಲಿ ಕರೆಂಟು ತುಂಬಾ ಕಡಿಮೆ, ಸುಮಾರು 250 ಮಿಲಿಆಂಪ್ಸ್‌ಗೆ ಮಿತಿ ಇರುತ್ತದೆ, ಎಲ್ಲೋ ತಪ್ಪು ಉಳಿದಿದ್ದರೂ ಡಿಕೋಡರ್ ಬದುಕುವ ಸಾಧ್ಯತೆ ಜಾಸ್ತಿ. ಕಂಪ್ಯೂಟರಿನಲ್ಲಿ ಜೆಎಂಆರ್‌ಐ ಅನ್ನುವ ಉಚಿತ ಸಾಫ್ಟ್‌ವೇರ್ ಇದ್ದರೆ ಕೆಲಸ ಸಲೀಸು. ಮೊದಲು ಸಿವಿ8 ಓದಿ. ಸಿವಿ ಅಂದರೆ ಡಿಕೋಡರಿನ ಒಳಗಿನ ನಂಬರ್ ಹಾಕಿದ ಖಾನೆಗಳು, 8ನೇ ಖಾನೆಯಲ್ಲಿ ಕಂಪನಿಯ ಸಂಖ್ಯೆ ಇರುತ್ತದೆ. ಇಎಸ್‌ಯು ಆದರೆ 151, ಸೌಂಡ್‌ಟ್ರಾಕ್ಸ್ ಆದರೆ 141, ಜಿಮೋ ಆದರೆ 145. ಓದುವಾಗ ಇಂಜಿನ್ ಸಣ್ಣಗೆ ನಡುಗುತ್ತದೆ. ಗಾಬರಿ ಬೇಡ, ಡಿಕೋಡರ್ ಮೋಟಾರಿಗೆ ಒಂದು ಕ್ಷಣ ಕರೆಂಟು ಕೊಟ್ಟು ಹೌದು ಅಂತ ಉತ್ತರ ಹೇಳುವ ರೀತಿ ಅದು. ಹಾಗಾಗಿ ಏನೂ ಓದಲಾಗದಿದ್ದರೆ ಡಿಕೋಡರ್ ಹಾಳು ಅಂದುಕೊಳ್ಳುವ ಮೊದಲು ಮೋಟಾರಿನ ಎರಡು ವೈರು, ಚಕ್ರದ ಕೊಳೆ ನೋಡಿ.

ಹೊಸ ಡಿಕೋಡರಿನ ವಿಳಾಸ 3. ಅದರಲ್ಲೇ ಮುಖ್ಯ ಹಳಿಯ ಮೇಲೆ ಓಡಿಸಿ ನೋಡಿ. ಮುಂದೆ ಅಂದಾಗ ಹಿಂದೆ ಹೋಗಿ, ದೀಪ ಮಾತ್ರ ಮುಂದಿನದೇ ಹೊತ್ತಿದರೆ ಕಿತ್ತಳೆ ಮತ್ತು ಬೂದು ವೈರನ್ನು ಅದಲು ಬದಲು ಮಾಡಿ. ಓಟವೂ ದೀಪವೂ ಎರಡೂ ಉಲ್ಟಾ ಇದ್ದರೆ ಸಿವಿ29ರಲ್ಲಿ 1 ಕೂಡಿಸಿದರೆ ಸಾಕು. ಆಮೇಲೆ ಇಂಜಿನ್ ಮೈಮೇಲಿನ ನಂಬರನ್ನೇ ವಿಳಾಸ ಮಾಡಿ. ಜೆಎಂಆರ್‌ಐ ತಾನೇ ಲೆಕ್ಕ ಮಾಡುತ್ತದೆ. ಕೈಯಲ್ಲಿ ಮಾಡುವುದಾದರೆ, ಉದಾಹರಣೆಗೆ 2600 ಬೇಕು ಅಂದರೆ 256ರಿಂದ ಭಾಗಿಸಿ, 10 ಬಂದು 40 ಉಳಿಯುತ್ತದೆ. 10ಕ್ಕೆ 192 ಕೂಡಿಸಿ 202 ಅಂತ ಸಿವಿ17ಕ್ಕೆ, 40 ಅಂತ ಸಿವಿ18ಕ್ಕೆ ಬರೆಯಿರಿ, ಕೊನೆಗೆ ಸಿವಿ29ಕ್ಕೆ 38, ದಿಕ್ಕು ಸರಿಪಡಿಸಲು ಮೊದಲೇ 1 ಕೂಡಿಸಿದ್ದರೆ 39.

ಲೋಕ್‌ಸೌಂಡ್‌ನಲ್ಲಿ ಒಂದು ಅನುಕೂಲ ಇದೆ. ಸಿವಿ54ಕ್ಕೆ 0 ಬರೆದು ಕಂಟ್ರೋಲ್ ಮೇಲಿನ ಎಫ್1 ಗುಂಡಿ ಒತ್ತಿದರೆ ಇಂಜಿನ್ ಒಮ್ಮೆ ಪೂರ್ತಿ ವೇಗದಲ್ಲಿ ನುಗ್ಗಿ ತನ್ನ ಮೋಟಾರಿನ ಗುಣ ತಾನೇ ಅಳೆದುಕೊಳ್ಳುತ್ತದೆ. ಮುಂದೆ ಒಂದೆರಡು ಮೀಟರ್ ಖಾಲಿ ಹಳಿ ಇರಲಿ, ಕೊನೆಯಲ್ಲಿ ಕೈ ಇರಲಿ. ಇದಾದ ಮೇಲೆ ಆ ಹಳೇ ಮೋಟಾರು ಆಮೆಯ ಹಾಗೆ ತೆವಳುವುದನ್ನು ನೋಡಿದರೆ ನಂಬಲಾಗುವುದಿಲ್ಲ. ವಾಲ್ಯೂಮ್ ಸಿವಿ63ರಲ್ಲಿದೆ, 192 ಅಂದರೆ ಪೂರ್ತಿ. ಮನೆಯ ಕೋಣೆಗೆ ಅದರ ಅರ್ಧವೂ ಬೇಡ, ನಾನು 80ಕ್ಕೆ ಇಟ್ಟಿದ್ದೇನೆ. ಪೂರ್ತಿ ಇಟ್ಟರೆ ಸಣ್ಣ ಸ್ಪೀಕರ್ ಒಡಕು ಸದ್ದು ಕೊಡುತ್ತದೆ, ಎರಡು ಮೂರು ಇಂಜಿನ್ ಸೇರಿದರೆ ಮನೆಯವರು ಎದ್ದು ಹೋಗುತ್ತಾರೆ.

ಮೇಲಿನ ಮೈ ಮುಚ್ಚುವಾಗ ಅವಸರ ಮಾಡಬೇಡಿ. ವೈರುಗಳನ್ನು ಕ್ಯಾಪ್ಟಾನ್ ಟೇಪಿನಿಂದ ಚಾಸಿಗೆ ಒತ್ತಿ ಅಂಟಿಸಿ, ಫ್ಲೈವೀಲಿನ ದಾರಿಯಲ್ಲಿ ಒಂದೂ ಇರಬಾರದು. ಮುಚ್ಚಿದ ಮೇಲೆ ಇನ್ನೊಮ್ಮೆ ಪ್ರೋಗ್ರಾಮಿಂಗ್ ಟ್ರ್ಯಾಕ್ ಮೇಲೆ ಇಟ್ಟು ಸಿವಿ8 ಓದಿ, ಯಾಕೆಂದರೆ ಮುಚ್ಚುವಾಗಲೇ ವೈರು ಸಿಕ್ಕಿಕೊಂಡು ಸಿಪ್ಪೆ ಸುಲಿಯುವುದುಂಟು. 151 ಬಂದರೆ ಮುಖ್ಯ ಹಳಿಗೆ ತನ್ನಿ, ಎಫ್8 ಒತ್ತಿ. ಸ್ಟಾರ್ಟರ್ ಕೊಸರಾಡಿ, 645 ಹೊತ್ತಿಕೊಂಡು, ನಿಧಾನಕ್ಕೆ ಒಂದೇ ಸಮನೆ ಗುಂಯ್‌ಗುಡತೊಡಗುತ್ತದೆ. ಅರ್ಧ ಗಂಟೆ ಓಡಿಸಿ, ಮೈ ಮುಟ್ಟಿ ಬಿಸಿ ನೋಡಿ. ಬೆಚ್ಚಗಿದ್ದರೆ ಸರಿ, ಕೈ ಇಡಲಾಗದಿದ್ದರೆ ಬಿಚ್ಚಿ ಮತ್ತೆ ಮೀಟರ್ ಹಿಡಿಯಿರಿ. ಲೆವೆಲ್ ಕ್ರಾಸಿಂಗ್ ಬಂದಾಗ ಎಫ್2 ಹಾರ್ನ್: ಅಮೆರಿಕದ ಕ್ರಮ ಎರಡು ಉದ್ದ, ಒಂದು ಗಿಡ್ಡ, ಮತ್ತೊಂದು ಉದ್ದ, ಆ ಕೊನೆಯದನ್ನು ಇಂಜಿನ್ ರಸ್ತೆ ದಾಟುವ ತನಕ ಎಳೆಯಬೇಕು.